ಮಾವಾ ಹೋಗಬೇಕಂದ್ರ

ಮುರಗೆಪ್ಪ: ನನ್ನ ಧೋತ್ರ ಎಲ್ಲಿಟ್ಟಿ? ಈ ಮನಿಯಾಗ ಇನ್ನ ಒಂದ ದಿನಾ ಇರಾಂವ ಅಲ್ಲ ನಾ. ಚಿಂಚಲಿಗೆ ಮಗಳ ಮನಿಗೆ ಹೊಂಟೆ.

ಚನ್ನವ್ವ: ಹೋಗೂದಿದ್ರ ಹೋಗ್ರಿ. ಯಾಕ ಅಂತರ ಹೇಳ್ರಿ.

ಮುರಗೆಪ್ಪ: ನಿನ್ನ ಸೊಸಿ ನನ್ನ ಸಾಯಸಾಕ ನಿಂತಾಳ!

ಚಿಕ್ಕೋಡಿ ಕೋರ್ಟಿನಲ್ಲಿ ಮೂವತ್ತು ವರ್ಷ ಬೇಲಿಫನಾಗಿ ಸಮನ್ಸು ಮುಟ್ಟಿಸಿದ ಮುರಗೆಪ್ಪನಿಗೆ ಸಾಕ್ಷಿಯಿಲ್ಲದೆ ಮಾತಾಡಿ ಗೊತ್ತಿಲ್ಲ. ಬೆಳಿಗ್ಗೆ ಸೊಸೆ ಕೋಮಲ ಹಿತ್ತಲಲ್ಲಿ ನಿಂತು ಗೆಳತಿ ಉಜ್ವಲಾಳಿಗೆ ಫೋನಿನಲ್ಲಿ ಹೇಳಿದ್ದನ್ನೆಲ್ಲ ಬಚ್ಚಲ ಕಿಟಕಿಯಿಂದ ಕೇಳಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟಿದ್ದ. ನಿಪಾಣಿಗೆ ಹೋಗಿ ತಾನೇ ನೋಡಿ, ಒಪ್ಪಿ ತಂದುಕೊಂಡ ಸೊಸೆ ಎಂಬ ಸಂಕಟ ಅವನಿಗೆ.

ಮುರಗೆಪ್ಪ: ಕೇಳ. “ಮಾವಾ ಭಾಳ ಆಗೈತಿ ಉಜ್ವಲಾ. ಕುಂತಲ್ಲಿಂದ ಏಳಂಗಿಲ್ಲ, ಬರೇ ಹೀರೂದು.”

ಚನ್ನವ್ವ: ನೀವು ಚಹಾ ಹೀರೂ ಸಪ್ಪಳ ಬಸ್‌ಸ್ಟ್ಯಾಂಡ್ ತನಾ ಕೇಳತೈತಿ. ಅದರಾಗ ಸುಳ್ಳೇನೈತಿ?

ಮುರಗೆಪ್ಪ: ಮುಂದ ಕೇಳ. “ಪ್ಯಾಟಿ ವಿಷಾ ಬ್ಯಾಡ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರದ ಮೂರ ದಿನಕ್ಕೊಮ್ಮೆ ಹಾಕಾಕತ್ತೇನಿ.” ಮೂರ ದಿನದಿಂದ ಚಟ್ನಿ ಯಾಕ ಅಷ್ಟ ಖಾರ ಇತ್ತು? ಈಗ ತಿಳೀತ?

ಚನ್ನವ್ವ: ಬೆಳ್ಳುಳ್ಳಿಗೆ ಸಾಯು ಆಸಾಮಿ ಅಲ್ಲ ನೀವು.

ಮುರಗೆಪ್ಪ: “ನಾಕೂ ಕಡೆ ಚೆಂಡಹೂ, ತಲೀ ಕಡೆ ತುಳಸಿ ಇಟ್ಟ ಬಿಡತೇನಿ. ತಾನ ಹೋಗತೈತಿ.” ಹೂವು, ತುಳಸಿ! ಇನ್ನ ಹೊರೂ ನಾಕ ಮಂದಿ ಅಷ್ಟ ಬಾಕಿ!

ಈ ಸಲ ಚನ್ನವ್ವನೂ ಬೆಚ್ಚಿದಳು.

ಮುರಗೆಪ್ಪ: ಹೋಗತಾರ ಅನ್ನಲಿಲ್ಲ, ಹೋಗತೈತಿ ಅಂದಳು! ಜೀವಾ ಹೋಗೂ ಮೊದಲ ಮರ್ಯಾದಿ ಹೋತು.

ಚನ್ನವ್ವ: ಅದಕ್ಕ ಸಿಟ್ಟಾಗಬ್ಯಾಡ್ರಿ. ಮರಾಠಿ ಮನಿ ಹುಡುಗಿ. ನಿನ್ನೆ ಎಮ್ಮಿ ಬಂದ್ರು ಅಂದಿದ್ದಳು.

ಅಷ್ಟರಲ್ಲಿ ಕೋಮಲ ಒಂದು ಕೈಯಲ್ಲಿ ಚೆಂಡುಹೂವಿನ ಸಸಿ, ಇನ್ನೊಂದರಲ್ಲಿ ಸ್ಪ್ರೇ ಬಾಟಲಿ ಹಿಡಿದು ಒಳಗೆ ಬಂದಳು.

ಮುರಗೆಪ್ಪ: ಬಂದಳು ನೋಡ, ಮುದ್ದೇಮಾಲ ಸಮೇತ!

ಕೋಮಲ: ಮಾವಾರ, ಜರಾ ಸರೀರಿ. ಹೊಡೀಬೇಕು.

ಮುರಗೆಪ್ಪ ಧೋತ್ರ ಎತ್ತಿಕೊಂಡು ಮಂಚ ಹತ್ತಿದ.

ಮುರಗೆಪ್ಪ: ಚನ್ನವ್ವಾ, ನೀನ ಸಾಕ್ಷಿ!

ಕೋಮಲ: ಅಯ್ಯ, ನಿಮಗಲ್ಲರಿ! ನಿಮ್ಮ ಹಿಂದ ಕಿಟಕ್ಯಾಗಿನ ಮೆಣಸಿನ ಗಿಡಕ್ಕ. ಹಿತ್ತಲದಾಗ ಬದನಿಗೆ ಬಿದ್ದಿದ್ದ ಮಾವಾ ಇದಕ್ಕೂ ಹತ್ತೈತಿ.

ಅವಳು ಎಲೆ ಮಗುಚಿ ತೋರಿಸಿದಳು. ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಹೇನುಗಳು ಒತ್ತೊತ್ತಾಗಿ ಕೂತು ರಸ ಹೀರುತ್ತಿದ್ದವು.

ಮುರಗೆಪ್ಪ: ಇದು ಮಾವಾ?

ಕೋಮಲ: ಹೌದ್ರಿ. ಮರಾಠ್ಯಾಗ ಹಂಗ ಅಂತಾರ. ಚೆಂಡಹೂ, ತುಳಸಿ ವಾಸನಿಗೆ ಹತ್ರ ಬರಂಗಿಲ್ಲಂತ. ಅದಕ್ಕ ಮಡಿ ಸುತ್ತ ಹಚ್ಚಾಕತ್ತೇನಿ.

ಮುರಗೆಪ್ಪನಿಗೆ ಹೋದ ಜೀವ ಬಂದಂತಾಯಿತು. ಮಂಚದಿಂದ ಇಳಿದು, ಕ್ಯಾಲೆಂಡರನ್ನು ಬೆನ್ನ ಹಿಂದೆ ಸುರುಳಿ ಸುತ್ತಿದ.

ಮುರಗೆಪ್ಪ: ನನಗ ಮೊದಲ ಗೊತ್ತಿತ್ತು. ನಿಮ್ಮ ಅತ್ತಿನ ಸುಮ್ಮನ ಗದ್ದಲ ಮಾಡಿದ್ಲು. ಚನ್ನವ್ವಾ, ಧೋತ್ರ ಒಳಗಿಡ.

ಸಮಾಧಾನವಾದಾಗ ಅವನಿಗೆ ಬೇಕಾಗುವುದು ಒಂದೇ: ಅಡಿಕೆ, ಸುಣ್ಣ, ತಂಬಾಕು ತಿಕ್ಕಿದ ಮಾವಾ. ದಿಂಬಿನ ಅಡಿಗೆ ಕೈ ಹಾಕಿದ. ಇರಲಿಲ್ಲ.

ಮುರಗೆಪ್ಪ: ನನ್ನ ಮಾವಾ ಪುಡಿಕಿ ಎಲ್ಲಿ?

ಕೋಮಲ: ಬಾಟಲಿಯಾಗ ಐತ್ರಿ. ಬೆಳ್ಳುಳ್ಳಿಗೆ ಜಗ್ಗಲಿಲ್ಲ. ತಂಬಾಕಿನ ನೀರ ಹೊಡಿ ಅಂದ್ಳು ಉಜ್ವಲಾ. ನಾಕೂ ಪುಡಿಕಿ ನೆನಸಿ ಹಿತ್ತಲಕ್ಕ ಹೊಡದೆ. ಒಂದ ತಾಸಿನ್ಯಾಗ ಎಲ್ಲಾ ಸತ್ತ ಬಿದ್ದುವು!

ಮುರಗೆಪ್ಪ: ತಂಬಾಕ ಅಂದ್ರ ಘೋರ ವಿಷಾ! ನಾಳೆ ಆ ಬದನೀಕಾಯಿ ತಿನ್ನಾವ್ರ ಗತಿ ಏನ?

ಚನ್ನವ್ವ: ಮೂವತ್ತ ವರ್ಷ ಬಾಯಾಗ ಇಟ್ಟಾಗ ಅಮೃತ ಇತ್ತು. ಗಿಡಕ್ಕ ಹೊಡದಕೂಡ್ಲೆ ವಿಷಾ ಆತ?

ಬೇಲಿಫ ಮತ್ತೆ ಧೋತ್ರ ಎತ್ತಿಕೊಂಡ.

ಮುರಗೆಪ್ಪ: ಚಿಂಚಲಿ ಬಸ್ಸ ಎಷ್ಟಕ್ಕ?

ಚನ್ನವ್ವ: ಕೋಮಲ, ಆ ಸಸಿ ಇಲ್ಲೇ ಬಾಗಲಕ್ಕ ಹಚ್ಚವಾ. ಎರಡ ಮಾವಾ ಹೋದುವು. ಮೂರನೇದ ಈಗ ಹೊಂಟೈತಿ.