ಒಂದು ಸ್ಕೂಟರ್, ಎರಡು ಪಕ್ಷ, ಮೂರನೇ ಸೀಸನ್

ಕೆಲಸಕ್ಕೆ ಹೋಗುವ ಹೆಂಗಸರಿಬ್ಬರು ಮಾತು ಬಿಡುವುದು ಹೊಸದೇನಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ತಿಂಗಳಿಗೊಂದು ಜೋಡಿಯಾದರೂ ಮಾತು ಬಿಡುತ್ತದೆ. ಕಾರಣ ಕೇಳಿದರೆ, ಮದುವೆಗೆ ಕರೆಯಲಿಲ್ಲ, ಊಟದ ಡಬ್ಬಿ ತೆರೆದಾಗ ಬಾ ಅನ್ನಲಿಲ್ಲ, ಇಂಥದ್ದೇ ಇರುತ್ತದೆ. ನಾನೂ ನನ್ನ ಗೆಳತಿಯೂ ಮಾತು ಬಿಟ್ಟದ್ದು ಒಂದು ಬಾಹ್ಯಾಕಾಶ ನೌಕೆಯ ವಿಚಾರಕ್ಕೆ.

ನಾನು ಹಿಂದೆ ಏನನ್ನೂ ಬರೆದವಳಲ್ಲ. ತುಮಕೂರಿನ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಇನ್‌ಸ್ಪೆಕ್ಷನ್ ಕೆಲಸ ನನ್ನದು. ಗಾಡಿಗಳಿಗೆ ಹಾಕುವ ಸಣ್ಣಪುಟ್ಟ ಬಿಡಿಭಾಗಗಳ ಅಳತೆ ನೋಡಬೇಕು, ಸರಿಯಿಲ್ಲದ್ದನ್ನು ಪಕ್ಕಕ್ಕೆ ಹಾಕಬೇಕು, ಏಕೆ ಹಾಕಿದೆ ಎಂದು ಚೀಟಿ ಬರೆಯಬೇಕು. ಕಾರಣ ಪೂರ್ತಿ ಬರೆಯದಿದ್ದರೆ ಚೀಟಿ ವಾಪಸ್ ಬರುತ್ತದೆ. ಆ ಅಭ್ಯಾಸದಿಂದ ಇಲ್ಲಿಯೂ ಎಲ್ಲದಕ್ಕೂ ಕಾರಣ ಬರೆಯುತ್ತಾ ಹೋಗುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ನಾನು ಬಿಡುವುದಿಲ್ಲ, ಏಕೆಂದರೆ ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಮೊದಲು ಗೆಳತಿಯ ವಿಚಾರ. ಅವಳು ಅದೇ ಫ್ಯಾಕ್ಟರಿಯಲ್ಲಿ ಮಿಷನ್ ನಡೆಸುತ್ತಾಳೆ. ಗುಬ್ಬಿಯಲ್ಲಿ ನಮ್ಮಿಬ್ಬರದೂ ಒಂದೇ ಬೀದಿ. ಅವಳದು ಸ್ಕೂಟರ್, ನನ್ನದು ಹಿಂದಿನ ಸೀಟು. ಹನ್ನೊಂದು ವರ್ಷದಿಂದ ಹೀಗೇ.

ಇನ್ನು ಸೀರೀಸಿನ ವಿಚಾರ. ಹೆಸರು ಬರೆಯುವುದಿಲ್ಲ. ಬರೆದರೆ ಅದನ್ನು ನೋಡಿರುವವರು ಓದುವುದು ಬಿಟ್ಟು ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ಅದು ಕನ್ನಡಕ್ಕೆ ಡಬ್ ಆಗಿ ಮೊಬೈಲಿನಲ್ಲಿ ಬರುತ್ತದೆ. ಭೂಮಿ ಬಿಟ್ಟ ಕೆಲವು ನೂರು ಜನ ದೊಡ್ಡ ನೌಕೆಯೊಂದರಲ್ಲಿ ಬೇರೆ ಗ್ರಹ ಹುಡುಕಿಕೊಂಡು ಹೋಗುತ್ತಿರುತ್ತಾರೆ. ನೌಕೆಗೆ ಒಬ್ಬಳು ಕ್ಯಾಪ್ಟನ್. ಅವಳ ಕೈಕೆಳಗೆ ಮನುಷ್ಯರಂತೆ ಮಾತಾಡುವ ಒಂದು ಯಂತ್ರ. ಎರಡು ಸೀಸನ್ ಪೂರ್ತಿ, ಮೈ ಸುಡುವ ಜ್ವರ ಬಂದಾಗಲೂ, ಆಕೆ ನೌಕೆಯ ಅಧಿಕಾರವನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಮೂರನೇ ಸೀಸನ್ನಿನ ಕೊನೆಯಲ್ಲಿ ಎರಡೇ ನಿಮಿಷದಲ್ಲಿ ಅದನ್ನು ಯಂತ್ರಕ್ಕೆ ಒಪ್ಪಿಸಿ, ಸಣ್ಣ ನೌಕೆಯೊಂದನ್ನು ಹತ್ತಿ ಹೊರಗೆ ಹೋಗಿ ಸಾಯುತ್ತಾಳೆ. ಏಕೆ ಕೊಟ್ಟಳು ಎಂದು ಒಂದು ಮಾತಿಲ್ಲ. ನನ್ನ ಟೇಬಲ್ಲಿಗೆ ಬಂದಿದ್ದರೆ ಆ ಕಂತನ್ನು ನಾನು ಅಲ್ಲೇ ರಿಜೆಕ್ಟ್ ಮಾಡುತ್ತಿದ್ದೆ.

ಗೆಳತಿಗೆ ಇಡೀ ಸೀರೀಸಿನಲ್ಲಿ ಅದೇ ಕಂತು ಹೆಚ್ಚು ಇಷ್ಟ. ಜಗಳ ಇಷ್ಟೇ.

ಸಾರು

ನಾನು ಆ ಕೊನೆಯ ಕಂತನ್ನು ನೋಡುವ ಮೊದಲೇ ಅದು ಹಾಳಾಗಿತ್ತು. ಭಾನುವಾರ ನೆಮ್ಮದಿಯಾಗಿ ನೋಡೋಣವೆಂದು ಉಳಿಸಿಕೊಂಡಿದ್ದೆ. ಶುಕ್ರವಾರ ನಾನು ಮುದ್ದೆ ತಿರುವುತ್ತಿದ್ದಾಗ ನಮ್ಮ ಮನೆಯವರು ಮೊಬೈಲ್ ನೋಡುತ್ತಾ ಬಂದು, "ನಿಮ್ ಕ್ಯಾಪ್ಟನ್ ಸತ್ತೋದ್ಲಂತಲ್ಲ" ಅಂದರು. ಸೀರೀಸಿನ ಒಂದು ಕಂತನ್ನೂ ನೋಡಿದವರಲ್ಲ ಅವರು.

ತಟ್ಟೆ ಇಟ್ಟು ಮುದ್ದೆ ಹಾಕಿದೆ. ಅವರು ಸ್ವಲ್ಪ ಹೊತ್ತು ಕಾದು, "ಸಾರು?" ಅಂದರು.

"ಸಾರು ಮುಂದಿನ ಸೀಸನ್ನಿಗೆ" ಅಂದೆ.

ಸಿಗ್ನಲ್ಲಿನಲ್ಲಿ

ಸೋಮವಾರ ಸ್ಕೂಟರಿನಲ್ಲಿ ಜಗಳ ಶುರುವಾಯಿತು. ಇಲ್ಲೊಂದು ವಿವರಣೆ ಬೇಕು. ಇಬ್ಬರೂ ಹೆಲ್ಮೆಟ್ ಹಾಕಿರುತ್ತೇವೆ, ಗಾಳಿ ಬೇರೆ, ಆದ್ದರಿಂದ ಸಾಮಾನ್ಯ ಮಾತನ್ನೂ ಕೂಗಿಯೇ ಆಡಬೇಕು. ಜಗಳವನ್ನು ಎಷ್ಟು ಜೋರಾಗಿ ಆಡಿದೆವು ಎಂದು ನೀವೇ ಊಹಿಸಿಕೊಳ್ಳಿ.

ತುಮಕೂರಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ನಮ್ಮ ದನಿ ನಿಲ್ಲಲಿಲ್ಲ.

"ಅವಳು ಸತ್ತಿದ್ದೇ ಒಳ್ಳೇದಾಯ್ತು ಬಿಡೇ" ಎಂದು ಗೆಳತಿ ಕೂಗಿದಳು. "ಯಾರ ಕೈಗೂ ಏನೂ ಕೊಡದೆ ಎಲ್ಲಾ ತಾನೇ ಹಿಡ್ಕೊಂಡಿದ್ಲು."

"ಅವಳನ್ನ ಬೇಕೂಂತ ಸಾಯಿಸವ್ರೆ ಕಣೇ" ಎಂದು ನಾನು ಕೂಗಿದೆ. "ಆ ಮನೆಹಾಳರು ನನ್ನ ಕೈಗೆ ಸಿಗಲಿ."

ಪಕ್ಕದಲ್ಲಿ ಮೊಪೆಡ್ ಮೇಲೆ ತೆಂಗಿನಕಾಯಿ ಚೀಲ ಇಟ್ಟುಕೊಂಡಿದ್ದ ಯಜಮಾನರೊಬ್ಬರು ನಮ್ಮನ್ನೇ ನೋಡುತ್ತಿದ್ದರು. "ಯಾರಮ್ಮ ತೀರ್ಕೊಂಡಿದ್ದು?" ಅಂದರು.

ಕಥೆಯನ್ನೆಲ್ಲ ಹೇಳಲು ಸಮಯವಿರಲಿಲ್ಲ, ಹಸಿರು ದೀಪ ಬರುವುದರಲ್ಲಿತ್ತು. "ಕ್ಯಾಪ್ಟನ್ನು, ಯಜಮಾನ್ರೇ" ಅಂದೆ.

"ಮಿಲಿಟ್ರಿಯೋರಾ? ಪಾಪ. ನಿಮಗೆ ಹತ್ತಿರದೋರಾ?"

"ಇಲ್ಲ, ತುಂಬಾ ದೂರ" ಅಂದಳು ಗೆಳತಿ.

"ದೂರದೋರಾದ್ರೆ ತಲೆ ಮೇಲೆ ನೀರು ಹಾಕ್ಕೊಂಡ್ರೆ ಸಾಕು ಬುಡ್ರಮ್ಮ. ಸೂತಕ ಇರಲ್ಲ. ಗಾಡಿ ನಿಧಾನಕ್ಕೆ ಓಡ್ಸಿ."

ಹಿಂದೆ ಕೂತಿರೋರು

ಅದೇ ದಿನ ಫ್ಯಾಕ್ಟರಿಗೆ ತಲುಪುವಷ್ಟರಲ್ಲಿ ಮಾತು ಕ್ಯಾಪ್ಟನ್ನಿನಿಂದ ನಮ್ಮ ಮೇಲೆ ತಿರುಗಿತ್ತು. "ನೀನೂ ಅವಳ ಥರಾನೇ. ಅದಕ್ಕೇ ನಿನಗೆ ಅವಳು ಅಂದ್ರೆ ಅಷ್ಟು" ಅಂದಳು. "ನಿನಗೆ ಮನುಷ್ಯರಿಗಿಂತ ಮಿಷನ್ನೇ ಮೇಲು" ಅಂದೆ. ಅಲ್ಲಿಗೆ ಮಾತು ನಿಂತಿತು.

ಮಾತು ನಿಂತರೂ ಸ್ಕೂಟರ್ ನಿಲ್ಲಲಿಲ್ಲ. ಬೆಳಿಗ್ಗೆ ಅವಳು ನಮ್ಮ ಮನೆ ಮುಂದೆ ಬಂದು ಹಾರ್ನ್ ಹೊಡೆಯುತ್ತಿದ್ದಳು. ನಾನು ಹೋಗಿ ಹಿಂದೆ ಕೂರುತ್ತಿದ್ದೆ. ಮಾತು ಬಿಟ್ಟವರು ನಮ್ಮ ಕಡೆ ಮೂರನೆಯವರ ಮೂಲಕ ಮಾತಾಡುತ್ತಾರೆ, "ಅವರಿಗೆ ಹೇಳಿ" ಎಂದು. ಸ್ಕೂಟರಿನಲ್ಲಿ ಮೂರನೆಯವರು ಇರುವುದಿಲ್ಲ. ಹಾಗಾಗಿ ಹೇಳಬೇಕಾದುದೆಲ್ಲ ಪೆಟ್ರೋಲ್ ಬಂಕ್ ಬರುವವರೆಗೆ ಬಾಯಲ್ಲೇ ಉಳಿಯುತ್ತಿತ್ತು.

ಬಂಕಿನಲ್ಲಿ ಪೆಟ್ರೋಲ್ ಹಾಕುವವರು ನಡುವಯಸ್ಸಿನ, ಸಮಾಧಾನದ ಮನುಷ್ಯ. ಗೆಳತಿ ಅವರಿಗೆ, "ಹಿಂದೆ ಕೂತಿರೋರಿಗೆ ಇಳೀರಿ ಅಂತ ಹೇಳಿ, ಟ್ಯಾಂಕು ಸೀಟಿನ ಕೆಳಗಿದೆ" ಅಂದಳು.

ಅವರು ನನ್ನತ್ತ ತಿರುಗಿ, "ಇಳೀಬೇಕಂತಮ್ಮ" ಅಂದರು.

"ಇಳೀತೀನಿ. ಆದ್ರೆ ಎರಡು ಸೀಸನ್ ಒಂದು ಥರ ಇದ್ದೋಳು ಎರಡು ನಿಮಿಷಕ್ಕೆ ಬದಲಾಗಲ್ಲ ಅಂತ ಅವರಿಗೆ ಹೇಳಿ."

ಅವರು ಅದನ್ನೂ ಹೇಳಿದರು. "ಬದಲಾಗ್ತಾರೆ ಅಂತ ಹೇಳಿ" ಎಂದು ಉತ್ತರ ಬಂತು. ಹಿಂದೆ ನಿಂತಿದ್ದ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಎರಡನೇ ವಾರವೂ ಹೀಗೇ ಆಯಿತು.

ಮೂರನೇ ವಾರ ನಾವು ಬಾಯಿ ತೆರೆಯುವ ಮೊದಲೇ ಅವರು ಕೈ ಎತ್ತಿದರು. "ಅವರು ತಪ್ಪು ಅಂತಾರೆ, ಇವರು ಸರಿ ಅಂತಾರೆ. ಎರಡೂ ನಾನೇ ಹೇಳಿಬಿಟ್ಟಿದೀನಿ. ಎಷ್ಟು ಲೀಟರ್?"

ಕುಣಿಗಲ್ಲಿನ ಪಂಚಾಯ್ತಿ

ಆ ಶನಿವಾರ ಗೆಳತಿ ನನ್ನ ಕಣ್ಣೆದುರಿಗೇ ಗೇಟಿನ ಪಕ್ಕದ ಅರ್ಜಿ ಪೆಟ್ಟಿಗೆಗೆ ಒಂದು ಕಾಗದ ಹಾಕಿದಳು. ತನ್ನನ್ನು ಸೆಕೆಂಡ್ ಶಿಫ್ಟಿಗೆ ಹಾಕಿ ಎಂಬ ಅರ್ಜಿ. ಪೆಟ್ಟಿಗೆಯನ್ನು ಸೋಮವಾರ ತೆರೆಯುತ್ತಾರೆ. ಅವಳ ಶಿಫ್ಟ್ ಬದಲಾದರೆ ನಾನು ಬರುವ ಹೊತ್ತಿಗೆ ಅವಳು ಹೋಗಬೇಕು, ಅಂದರೆ ಹನ್ನೊಂದು ವರ್ಷದ ಹಿಂದಿನ ಸೀಟು ಅಲ್ಲಿಗೆ ಮುಗಿಯಿತು. ಬಸ್ಸಿದೆ, ನಿಜ. ಬಸ್ಸಿನ ವಿಚಾರ ಅಲ್ಲ ನಾನು ಹೇಳುತ್ತಿರುವುದು.

ಅದೇ ಮಧ್ಯಾಹ್ನ ಕುಣಿಗಲ್ಲಿನಲ್ಲಿ ನಮ್ಮ ಸೀರೀಸಿನ ಅಭಿಮಾನಿಗಳ ವಾಟ್ಸಾಪ್ ಗುಂಪಿನ ಸಭೆಯಿತ್ತು. ಗುಂಪಿನ ಅಡ್ಮಿನ್ ಅಲ್ಲಿನ ರಿಟೈರ್ಡ್ ಸೈನ್ಸ್ ಮೇಷ್ಟ್ರು. ಮೂರನೇ ಸೀಸನ್ ಬಗ್ಗೆ ಎಲ್ಲರೂ ಕೂತು ತೀರ್ಮಾನಕ್ಕೆ ಬರೋಣ ಎಂದು ಕರೆದಿದ್ದರು. ತುಮಕೂರಿನಲ್ಲಿ ಗೆಳತಿ ಸ್ಕೂಟರ್ ನಿಲ್ಲಿಸಿ ಬಸ್ ಹತ್ತಿ ಮುಂದೆ ಕೂತಳು. ನಾನು ಅದೇ ಬಸ್ಸಿನಲ್ಲಿ ಹಿಂದೆ ಕೂತೆ. ಗುಂಪಿನಲ್ಲಿ ನಲವತ್ತು ಜನ. ಸಭೆಗೆ ಬಂದವರು ನಾವಿಬ್ಬರೇ. ಉಳಿದವರು ಹೆಬ್ಬೆಟ್ಟಿನ ಚಿತ್ರ ಕಳಿಸಿದ್ದರು.

ಮೇಷ್ಟ್ರು ನಮ್ಮ ವಾದ ಕೇಳಿಸಿಕೊಳ್ಳಲೇ ಇಲ್ಲ. ಅವರ ಸಿಟ್ಟು ಬೇರೆಯೇ. "ಆ ಸಣ್ಣ ನೌಕೆ ಒಡೆದಾಗ ಢಮ್ ಅಂತ ಸದ್ದು ಬಂತಲ್ಲ, ಅದು ಹೆಂಗ್ರಮ್ಮ ಬಂತು? ಗಾಳಿ ಇಲ್ಲದ ಕಡೆ ಸದ್ದು ಬರುತ್ತಾ? ಇಷ್ಟು ವರ್ಷ ಮಕ್ಕಳಿಗೆ ನಾನು ಪಾಠ ಮಾಡಿದ್ದು ಏನಕ್ಕೆ?" ಎಂದು ಕೂಗಾಡಿ, ಕೈ ಬೀಸುವ ಭರದಲ್ಲಿ ಕಾಫಿ ಚೆಲ್ಲಿಕೊಂಡರು.

ಅವರ ಹೆಂಡತಿ ಉಪ್ಪಿಟ್ಟು ತಂದಿಟ್ಟು ನಮ್ಮಿಬ್ಬರ ಮುಖ ನೋಡಿದರು. "ಇವರ ಕೈಲಿ ನ್ಯಾಯ ಆಗಲ್ಲ. ನಿಮ್ ಕಡೆ ಅಮ್ಮನ ಗುಡೀಲಿ ಹೂ ಕೇಳ್ತಾರಲ್ಲ, ನಾಳೆ ಹೋಗಿ ಕೇಳ್ಕೊಳ್ಳಿ. ಸೋತೋಳು ಬಾಯಿ ಮುಚ್ಕೊಂಡಿರ್ಲಿ."

"ನಾನು ತಯಾರಿದೀನಿ ಅಂತ ಅವಳಿಗೆ ಹೇಳಿ ಅಕ್ಕ" ಅಂದೆ.

"ಎಂಟು ಗಂಟೆಗೆ ಹಾರ್ನ್ ಹೊಡೀತೀನಿ ಅಂತ ಹೇಳಿ" ಅಂದಳು.

ತಟ್ಟೆ ಎತ್ತಿಕೊಳ್ಳುತ್ತಾ ಆಕೆ ಕೇಳಿದರು. "ಅಲ್ಲ, ಆ ಹಡಗಲ್ಲಿ ಅಷ್ಟು ಜನ ಅವ್ರೆ ಅಂತೀರ. ಪಾತ್ರೆ ಯಾರು ತೊಳೀತಾರೆ?"

ನಾವು ಮೂವರೂ ಯೋಚಿಸಿದೆವು. ಮೂರು ಸೀಸನ್ನಿನಲ್ಲಿ ಒಂದು ಲೋಟ ತೊಳೆದದ್ದನ್ನೂ ತೋರಿಸಿರಲಿಲ್ಲ.

"ಕ್ಯಾಪ್ಟನ್ ಸತ್ರೂ ಹಡಗು ಓಡ್ತು ತಾನೇ?" ಅಂದರು ಆಕೆ. "ಪಾತ್ರೆ ತೊಳಿಯೋಳನ್ನ ಒಂದು ಸಲ ಸಾಯಿಸಿ ನೋಡೋಕೆ ಹೇಳಿ."

ಬಲಗಡೆಯ ಹೂ

ಹೂ ಕೇಳುವುದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೇವರ ಮೈಮೇಲೆ ಒದ್ದೆ ಹೂಗಳನ್ನು ಅಂಟಿಸಿರುತ್ತಾರೆ. ನಾವು ಮನಸ್ಸಿನಲ್ಲಿ ಒಂದು ಪ್ರಶ್ನೆ ಕೇಳಿಕೊಂಡು ಕೈಮುಗಿದು ಕೂರಬೇಕು. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮದುವೆ, ಮನೆ, ಬೋರ್‌ವೆಲ್, ಎಲ್ಲಕ್ಕೂ ಕೇಳುತ್ತಾರೆ.

ಗುಡಿ ಇರುವುದು ಗುಬ್ಬಿಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ. ಭಾನುವಾರ ಬೆಳಿಗ್ಗೆ ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ಅರ್ಚಕರು, "ಯಾವ ವಿಚಾರಮ್ಮ? ಜಮೀನಿಂದಾ?" ಅಂದರು.

"ಅಧಿಕಾರ ಬಿಟ್ಟುಕೊಟ್ಟಿರೋ ವಿಚಾರ ಸ್ವಾಮಿ" ಅಂದೆ.

"ಪಂಚಾಯ್ತೀದಾ?"

"ಇನ್ನೂ ಮೇಲಿಂದು" ಅಂದಳು ಗೆಳತಿ.

"ವಿಧಾನಸೌಧದ್ದಾ?"

"ಇನ್ನೂ ಮೇಲೆ."

"ಡೆಲ್ಲೀದಾ?"

"ಇನ್ನೂ ಮೇಲೆ ಸ್ವಾಮಿ."

ಅರ್ಚಕರು ಒಮ್ಮೆ ಗುಡಿಯ ಛಾವಣಿಯತ್ತ ನೋಡಿ, ಮುಂದೆ ಏನೂ ಕೇಳದೆ ಮಂಗಳಾರತಿ ಹಚ್ಚಿದರು.

ಮೊದಲು ನಾನು ಕೂತೆ. 'ಕ್ಯಾಪ್ಟನ್ ಮಾಡಿದ್ದು ತಪ್ಪು ತಾನೇ, ತಾಯಿ?' ಸ್ವಲ್ಪ ಹೊತ್ತಿಗೆ ಬಲಗಡೆಯ ಹೂ ಬಿತ್ತು. ನನಗೆ ಅಲ್ಲೇ ಎದ್ದು ಕುಣಿಯುವ ಹಾಗಾಯಿತು. ಆಮೇಲೆ ಗೆಳತಿ ಕೂತಳು. ಅವಳಿಗೂ ಬಲಗಡೆಯ ಹೂವೇ ಬಿತ್ತು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ, "ಏನಂತ ಕೇಳ್ದೆ ನೀನು?" ಅಂದಳು. ಮೂರು ವಾರದಲ್ಲಿ ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ತಪ್ಪು ತಾನೇ ಅಂತ."

"ನಾನು ಕೇಳಿದ್ದು, ಸರಿ ತಾನೇ ಅಂತ."

ನನ್ನ ಮೈ ಉರಿಯಿತು. ಎರಡೂ ಕಡೆಯವರನ್ನು ಮೆಚ್ಚಿಸಲು ಹೋಗಿಯೇ ಮೂರನೇ ಸೀಸನ್ ಹಾಳಾದದ್ದು. ಅಮ್ಮನೂ ಅದನ್ನೇ ಮಾಡಿದರೆ ಯಾರ ಹತ್ತಿರ ಹೋಗುವುದು? ಕೆನ್ನೆ ಬಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಸ್ಕೂಟರ್ ಹತ್ತಿದ ಕ್ಷಣದಿಂದ ಜಗಳ ಮತ್ತೆ ಶುರುವಾಯಿತು.

"ಜ್ವರದಲ್ಲೂ ಬಿಡದೋಳು ಈಗ ಯಾಕೆ ಬಿಟ್ಲು? ಹೇಳು" ಅಂದೆ.

"ಜ್ವರದಲ್ಲಿ ಬಿಡದೆ ಇದ್ದಿದ್ದಕ್ಕೇ ಅಲ್ವೇನೇ ಎರಡನೇ ಸೀಸನ್ನಲ್ಲಿ ಅಷ್ಟು ಜನ ಸತ್ತಿದ್ದು? ಅದನ್ನ ನೆನಸ್ಕೊಂಡೇ ಈ ಸಲ ಕೊಟ್ಟಿದ್ದು."

"ಹಂಗಂತ ಎಲ್ಲಿ ಹೇಳಿದ್ಲು?"

"ಎಲ್ಲಾ ಬಾಯಿಬಿಟ್ಟೇ ಹೇಳ್ಬೇಕಾ? ಮುಖ ನೋಡಿದ್ರೆ ಗೊತ್ತಾಗಲ್ವಾ?"

"ನನಗೆ ಗೊತ್ತಾಗಲ್ಲ. ಕಾರಣ ಹೇಳ್ಬೇಕು."

"ನಿನ್ನ ಹನ್ನೊಂದು ವರ್ಷದಿಂದ ಹಿಂದೆ ಕೂರಿಸ್ಕೊಂಡು ತಿರುಗ್ತಿದೀನಲ್ಲ, ಅದಕ್ಕೂ ಕಾರಣ ಬರೆದುಕೊಡ್ಲಾ?"

ಉತ್ತರವಿಲ್ಲವೆಂದು ಸುಮ್ಮನಿರಲು ನನಗೆ ಬರುವುದಿಲ್ಲ. "ಬರೆದುಕೊಡು" ಎಂದು ಕೂಗಿದೆ. ಅವಳು ಬ್ರೇಕ್ ಹಾಕಿದಳು. ನೋಡಿದರೆ ಎದುರಿಗೆ ನಮ್ಮ ಫ್ಯಾಕ್ಟರಿಯ ಗೇಟು. ಗುಡಿಯಿಂದ ರಸ್ತೆಗೆ ಬಂದಾಗ ಗುಬ್ಬಿಯ ಕಡೆ ತಿರುಗಬೇಕಿತ್ತು. ಜಗಳದ ಭರದಲ್ಲಿ ಅವಳು ದಿನದ ಅಭ್ಯಾಸದಂತೆ ತುಮಕೂರಿನ ಕಡೆ ತಿರುಗಿಸಿದ್ದಳು. ನಾನೂ ನೋಡಿರಲಿಲ್ಲ.

ಸೆಕ್ಯೂರಿಟಿಯವರು ಕುರ್ಚಿಯಿಂದ ಎದ್ದು ಬಂದರು. "ಇವತ್ತು ಭಾನುವಾರ ಕಣ್ರಮ್ಮ. ಯಾವ ಡ್ಯೂಟಿಗೆ ಬಂದ್ರಿ?"

ಗೆಳತಿ ಗೇಟಿನ ಪಕ್ಕದ ಪೆಟ್ಟಿಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಅಣ್ಣ, ನಿನ್ನೆ ಒಂದು ಅರ್ಜಿ ಹಾಕಿದ್ದೆ, ವಾಪಸ್ ಬೇಕು" ಅಂದಳು.

"ಕೀ ನನ್ನ ಹತ್ರ ಇರಲ್ಲಮ್ಮ, ಸೂಪರ್‌ವೈಸರ್ ಹತ್ರ ಇರ್ತದೆ. ವಾಪಸ್ ಯಾಕೆ?"

"ಇವಳಿಗೆ ಬುದ್ಧಿ ಹೇಳೋದು ಇನ್ನೂ ಮುಗಿದಿಲ್ಲ. ಶಿಫ್ಟ್ ಬೇರೆ ಆದ್ರೆ ಯಾವಾಗ ಹೇಳ್ಲಿ?"

ಏನು ವಿಚಾರ ಎಂದು ಅವರು ಕೇಳಿದರು. ಕೇಳಬಾರದಿತ್ತು. ಮೊದಲ ಸೀಸನ್ನಿನಿಂದ ಹೇಳಿದೆವು. ಅರ್ಧಕ್ಕೆ ಅವರ ಮುಖ ಅರಳಿತು. "ಅಯ್ಯೋ, ಅದಾ? ನಾನೂ ನೋಡಿದೀನಿ. ಮಾತಾಡೋದೆಲ್ಲ ಓಡಿಸ್ಕೊಂಡು ಫೈಟ್ ಮಾತ್ರ ನೋಡ್ದೆ. ಮೂರು ಸೀಸನ್ನೂ ಎರಡು ದಿನಕ್ಕೆ ಮುಗೀತು."

ನಾವಿಬ್ಬರೂ ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟೆವು.

ಆಮೇಲೆ ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ಅವಳು. ಮಾತು ಬಿಟ್ಟು ನೋಡಿದರೆ ಕ್ಯಾಪ್ಟನ್ ಏನೆಂದು ಏನು ಗೊತ್ತಾಗುತ್ತದೆ ಎಂದು ನಾನು, ಯಂತ್ರದ ಕಷ್ಟ ಏನು ಗೊತ್ತಾಗುತ್ತದೆ ಎಂದು ಅವಳು. ನಾನು ನಿಲ್ಲಿಸಿದ ಕಡೆ ಅವಳು ಹಿಡಿದಳು, ಅವಳು ಉಸಿರು ತೆಗೆದುಕೊಂಡಾಗ ನಾನು ಹಿಡಿದೆ. ಸೆಕ್ಯೂರಿಟಿಯವರು ಎರಡು ಸಲ ಕ್ಷಮೆ ಕೇಳಿದರು. ನಾವು ಬಿಡಲಿಲ್ಲ.

ಕೊನೆಗೆ ಅವರು ಜೇಬಿಗೆ ಕೈ ಹಾಕಿ, ತಮ್ಮ ಹತ್ತಿರ ಇಲ್ಲವೆಂದಿದ್ದ ಕೀ ತೆಗೆದು, ಪೆಟ್ಟಿಗೆ ತೆರೆದು, ಅರ್ಜಿಯನ್ನು ಹುಡುಕಿ ಗೆಳತಿಯ ಕೈಗಿಟ್ಟರು. "ತಗೊಳ್ಳಮ್ಮ, ನಿನ್ನ ದಮ್ಮಯ್ಯ, ಇಬ್ರೂ ಒಂದೇ ಶಿಫ್ಟಿಗೆ ಬನ್ನಿ" ಅಂದರು. "ಬೇರೆ ಬೇರೆ ಬಂದ್ರೆ ಇದನ್ನ ನಾನು ಎರಡು ಸಲ ಕೇಳ್ಬೇಕಾಗ್ತದೆ."