ತೊಂಬತ್ತು ದಿನಕ್ಕೊಮ್ಮೆ ದೂರು ಮುಚ್ಚುವ ಯಂತ್ರ ಮಹಾಶಯರಿಗೆ

ಮಾನ್ಯ ತಪಾಸಣಾ ಯಂತ್ರ ಮಹಾಶಯರ ದಿವ್ಯ ಸನ್ನಿಧಾನಕ್ಕೆ,

ರಜೆ, ನೆಗಡಿ, ನೆಂಟರ ಮನೆಯ ಮದುವೆ ಇವೇನನ್ನೂ ಅರಿಯದೆ, ಯಾರು ಬೇಕಾದರೂ ತಿದ್ದಬಹುದೆಂದು ಊರಿಗೆಲ್ಲ ಸಾರಿರುವ ಮುಕ್ತ ಫಾಂಟ್ ಯೋಜನೆಯ ಅಂತರ್ಜಾಲದ ಹೆಬ್ಬಾಗಿಲಿನಲ್ಲಿ ನಿಂತು, ತಿದ್ದಲು ಬಂದವರನ್ನೆಲ್ಲ ವಿನಯದಿಂದ ವಾಪಸು ಕಳಿಸುತ್ತಿರುವ ತಮಗೆ ಈ ಬಡ ಪುಟವಿನ್ಯಾಸಗಾರನ ಅನಂತಾನಂತ ನಮಸ್ಕಾರಗಳು. ತಾವು ಕ್ಷೇಮವೆಂಬುದರಲ್ಲಿ ನನಗೆ ಸಂಶಯವಿಲ್ಲ. ಇಲ್ಲದಿದ್ದರೆ ಮೊನ್ನೆ ಬೆಳಿಗ್ಗೆ ಹತ್ತು ಹೊಡೆಯುವುದಕ್ಕೂ ತಮ್ಮ ನೋಟೀಸು ಬರುವುದಕ್ಕೂ ಅಷ್ಟು ಸರಿಹೋಗುತ್ತಿರಲಿಲ್ಲ. ತೊಂಬತ್ತು ದಿನಗಳಿಂದ ಯಾರೂ ಮಾತಾಡದ ಕಾರಣ ನನ್ನ ದೂರನ್ನು ಮುಚ್ಚಲಾಗುತ್ತಿದೆ, ತೊಂದರೆ ಇನ್ನೂ ಇದ್ದರೆ ತಿಳಿಸಬೇಕು, ನನ್ನ ಕೊಡುಗೆಗೆ ಧನ್ಯವಾದಗಳು ಎಂದು ತಾವು ಅಪ್ಪಣೆ ಕೊಡಿಸಿರುವುದು ಇದು ನಾಲ್ಕನೆಯ ಸಲ. ಹಿಂದಿನ ಮೂರಕ್ಕೆ ಒಂದೊಂದು ಸಾಲಿನಲ್ಲಿ ಉತ್ತರಿಸಿದ್ದೆ. ಈ ಸಲ ಸ್ವಲ್ಪ ಉದ್ದವಾಗುತ್ತದೆ, ತಮಗೆ ಬೇಸರವೆಂಬುದು ಇಲ್ಲವಲ್ಲ, ಕ್ಷಮಿಸಿ.

ದೂರು ದೊಡ್ಡದೇನಲ್ಲ. ನಮ್ಮ ದೊಡ್ಡಮ್ಮ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮೂವತ್ತೆಂಟು ವರ್ಷ ನರ್ಸಾಗಿದ್ದವರು, ದೊಡ್ಡ ದೊಡ್ಡ ಸರ್ಜನ್ನರನ್ನೂ ಕೈ ತೊಳೆದು ಬನ್ನಿ ಎಂದು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದವರು. ನಿವೃತ್ತರಾದ ಮೇಲೆ ಕೂತು ಆ ಕೊಠಡಿಯ ನೆನಪುಗಳನ್ನೆಲ್ಲ ಬರೆದರು. ಅದನ್ನು ದಪ್ಪಕ್ಷರದ ಪುಸ್ತಕ ಮಾಡಿ ತಮ್ಮ ಕಣ್ಣಾರೆ ಒಮ್ಮೆ ಓದಬೇಕೆಂಬುದು ಅವರ ಆಸೆ, ಏಕೆಂದರೆ ಬರೆದು ಮುಗಿಸುವಷ್ಟರಲ್ಲಿ ಕಣ್ಣು ಮಬ್ಬಾಗತೊಡಗಿತ್ತು. ಹನ್ನೊಂದು ಫಾಂಟುಗಳನ್ನು ಅವರ ಮೂಗಿನ ಮುಂದೆ ಹಿಡಿದೆ. ಹತ್ತು ಅವರಿಗೆ ಇರುವೆ ಸಾಲಿನಂತೆ ಕಂಡವು. ಗುಂಡುಗುಂಡಾಗಿ, ಗಾಳಿಯಾಡುವಂತೆ ಬಿಡಿಸಿದ ತಮ್ಮ ಯೋಜನೆಯ ಫಾಂಟೊಂದೇ ಅಕ್ಷರದಂತೆ ಕಂಡಿತು. ಆದರೆ ಅದರಲ್ಲಿ ಒಂದು ಅಕ್ಷರದ ಕೆಳಗೆ ಎರಡು ಒತ್ತು ಬಂದರೆ ಎರಡನೆಯದು ಮೊದಲನೆಯದರ ತಲೆಯ ಮೇಲೆ ಹತ್ತಿ ಕೂತು, ಎರಡೂ ಸೇರಿ ಮಸಿಯ ಕಲೆಯಾಗಿಬಿಡುತ್ತವೆ. ಶಸ್ತ್ರಚಿಕಿತ್ಸೆ ಎಂಬ ಪದ ದೊಡ್ಡಮ್ಮನ ಪುಸ್ತಕದಲ್ಲಿ ಇನ್ನೂರ ಹನ್ನೆರಡು ಸಲ ಬರುತ್ತದೆ. ಅಂದರೆ ಇನ್ನೂರ ಹನ್ನೆರಡು ಕಲೆ.

ಎಲ್ಲ ಕಡೆಯೂ 'ಆಪರೇಷನ್' ಎಂದು ಹಾಕಿಬಿಡೋಣವೇ ಎಂದು ನಾನು ಉಪಾಯ ಹೇಳಿದ್ದುಂಟು. "ನಿನ್ನ ಕಂಪ್ಯೂಟರ್‌ಗೆ ಬರಲ್ಲ ಅಂತ ನಾನು ಮಾತು ಬದಲಾಯಿಸ್ಬೇಕೇನೋ? ನಾಳೆ ಅದಕ್ಕೆ ದೊಡ್ಡಮ್ಮ ಅನ್ನೋದು ಬರಲಿಲ್ಲ ಅಂದ್ರೆ ನನ್ನನ್ನ ಚಿಕ್ಕಮ್ಮ ಅಂತೀಯಾ?" ಎಂದು ಅವರು ಕೇಳಿದ ಮೇಲೆ ಆ ವಿಚಾರ ಮತ್ತೆ ಎತ್ತಲಿಲ್ಲ. ಕಲೆಯಿರುವ ಯಾವುದನ್ನೂ ಅವರು ಆಸ್ಪತ್ರೆಯ ಆ ಕೊಠಡಿಯೊಳಗೆ ಬಿಟ್ಟವರಲ್ಲ, ಪುಸ್ತಕದೊಳಗೆ ಬಿಡುವರೇ?

ಹಾಗಾಗಿ ದೂರು ಕೊಟ್ಟೆ. ತಾವು ತಕ್ಷಣ ಧನ್ಯವಾದ ಹೇಳಿದಿರಿ. ಆಮೇಲೆ ತೊಂಬತ್ತು ದಿನ ಯಾರೂ ಏನೂ ಹೇಳಲಿಲ್ಲ, ಆಮೇಲೆ ತಾವು ಮುಚ್ಚಿದಿರಿ. ತೊಂದರೆ ಇನ್ನೂ ಇದೆ ಎಂದು ಬರೆದೆ, ತೆರೆದಿರಿ. ಎರಡನೆಯ ನೋಟೀಸು ಬಂದ ವಾರವೇ ಕಣ್ಣಿನ ಡಾಕ್ಟರು ದೊಡ್ಡಮ್ಮನ ಕಣ್ಣಿಗೆ ದೀಪ ಬಿಟ್ಟು ನೋಡಿ, ಓದುವುದೇನಾದರೂ ಇದ್ದರೆ ಆರು ತಿಂಗಳಲ್ಲಿ ಓದಿಬಿಡಿ ಎಂದಿದ್ದರು. ತಮ್ಮ ನೋಟೀಸನ್ನು ನಾನು ಗಟ್ಟಿಯಾಗಿ ಓದಿ ಹೇಳಿದಾಗ, ತೊಂದರೆ ಇನ್ನೂ ಇದೆಯಾ ಎಂದು ಕೇಳಿದ್ದು ತನ್ನನ್ನು ಕುರಿತೇ ಎಂದುಕೊಂಡ ದೊಡ್ಡಮ್ಮ, "ಇನ್ನೂ ಇದ್ದೀನಿ ಅಂತ ಹೇಳೋ ಅದಕ್ಕೆ" ಅಂದರು. ನಾನು ಹಾಗೆಯೇ ಬರೆದೆ. ತಾವು ಅದಕ್ಕೂ ಧನ್ಯವಾದ ಹೇಳಿದಿರಿ.

ಇನ್ನು ಕಾಯುವುದು ಬೇಡವೆಂದು ನಾನೇ ಅಕ್ಷರ ತಿದ್ದುವುದನ್ನು ಕಲಿತೆ. ಎರಡು ತಿಂಗಳು ನನ್ನ ಹೆಂಡತಿ ಹೇಳಿದ ಯಾವ ಮಾತೂ ಕಿವಿಗೆ ಬೀಳಲಿಲ್ಲ, ಅದು ತಮ್ಮ ಯೋಜನೆಯಿಂದ ನನಗಾದ ಉಪಕಾರವೆಂದು ಆಕೆಗೆ ಗೊತ್ತಾಗದಂತೆ ಇಲ್ಲಿ ದಾಖಲಿಸುತ್ತೇನೆ. ಕೊನೆಗೆ ಎರಡನೆಯ ಒತ್ತನ್ನು ಕೂದಲೆಳೆಯಷ್ಟು ಬಲಕ್ಕೂ ಕೂದಲೆಳೆಯಷ್ಟು ಕೆಳಕ್ಕೂ ಸರಿಸಿ, ಕಲೆ ಹೋಗಿ ಅಕ್ಷರ ಬಂದದ್ದನ್ನು ನೋಡಿ, ಕುರ್ಚಿಯಿಂದೆದ್ದು ಕುಣಿದು, ತಮ್ಮ ಪಾದಕ್ಕೆ ಒಪ್ಪಿಸಿದೆ. ನಾಲ್ಕೇ ನಿಮಿಷದಲ್ಲಿ ತೀರ್ಪು ಬಂತು: ಅಕ್ಷರದ ಹಳೆಯ ಚಿತ್ರಕ್ಕೂ ಹೊಸ ಚಿತ್ರಕ್ಕೂ ವ್ಯತ್ಯಾಸ ಕಂಡುಬಂದಿದೆ, ಆದ್ದರಿಂದ ತಿರಸ್ಕರಿಸಲಾಗಿದೆ.

ಮಹಾಶಯರೇ, ಈ ತೀರ್ಪಿನ ಆಳಕ್ಕೆ ಇಳಿಯಲು ನನಗೆ ಹಲವು ದಿನ ಬೇಕಾಯಿತು. ತಪ್ಪನ್ನು ಸರಿಪಡಿಸಬಹುದು, ಆದರೆ ಏನೂ ಬದಲಾಗಬಾರದು! ದೇಶದೇಶಗಳ ಕಚೇರಿಗಳು ನೂರಾರು ವರ್ಷಗಳಿಂದ ಒದ್ದಾಡಿ ಸಾಧಿಸಿದ ಈ ತತ್ವವನ್ನು ತಾವು ಹುಟ್ಟುತ್ತಲೇ ಬಲ್ಲಿರಿ. ಯೋಜನೆಯ ಪಾಲಕರೆಂದು ಮೂವರು ಮನುಷ್ಯರೂ ಇದ್ದಾರಂತೆ. ಒಬ್ಬರಿಗೆ ಮಗುವಾಗಿದೆ, ಒಬ್ಬರಿಗೆ ಬೇರೆ ಕೆಲಸವಾಗಿದೆ, ಮೂರನೆಯವರು ನನ್ನ ತಿದ್ದುಪಡಿಯ ಕೆಳಗೆ ಭೇಷ್ ಎಂದು ಎತ್ತಿದ ಒಂದು ಹೆಬ್ಬೆರಳಿನ ಚಿತ್ರ ಹಾಕಿ ಹೋದರು. ಆ ಹೆಬ್ಬೆರಳನ್ನು ತಾವು ಮಾತುಕತೆಯೆಂದು ಪರಿಗಣಿಸಿ ಇನ್ನೊಂದು ತೊಂಬತ್ತು ದಿನ ದಯಪಾಲಿಸಿದಿರಿ.

ತಮ್ಮ ಈ ಮುಚ್ಚುವ ಶಕ್ತಿಯನ್ನು ಬರೀ ಫಾಂಟಿಗೆ ಖರ್ಚು ಮಾಡುತ್ತಿರುವುದು ಸರಿಯಲ್ಲ. ನಮ್ಮ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿರುವ ಬಗ್ಗೆ ತೊಂಬತ್ತು ದಿನಗಳಿಂದ ಯಾರೂ ಮಾತಾಡಿಲ್ಲ, ದಯವಿಟ್ಟು ಬಂದು ಮುಚ್ಚಿ. ನನ್ನ ಭಾವಮೈದುನನ ಬಾಯಿಯನ್ನೂ ತಮ್ಮ ಗಮನಕ್ಕೆ ತರುತ್ತೇನೆ. ಅದು ತೊಂಬತ್ತು ನಿಮಿಷವೂ ಸುಮ್ಮನಿದ್ದದ್ದಿಲ್ಲವಾದ್ದರಿಂದ ವಿಶೇಷ ಪ್ರಕರಣವೆಂದು ಭಾವಿಸಬೇಕು. ಹಾಗೆಯೇ ದೊಡ್ಡಮ್ಮನ ಕಣ್ಣಿನ ಮಬ್ಬಿಗೂ ಒಂದು ನೋಟೀಸು ಕೊಟ್ಟು ನೋಡಿ, ತಮ್ಮ ಮಾತಿಗಾದರೂ ಹೆದರೀತು.

ಮೂರನೆಯ ನೋಟೀಸು ಬಂದ ದಿನ ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ದೊಡ್ಡಮ್ಮ ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ತಿದ್ದಿದ ಅಕ್ಷರ ಎಲ್ಲಿದೆ ಎಂದು ಕೇಳಿದರು. ನನ್ನ ಕಂಪ್ಯೂಟರಿನಲ್ಲಿದೆ ಎಂದೆ. ಪುಸ್ತಕ ಎಲ್ಲಿದೆ ಎಂದರು. ಅದೂ ಇಲ್ಲೇ ಇದೆ ಎಂದೆ. "ಮತ್ತೆ ಯಾರ ಅಪ್ಪಣೆಗೆ ಕಾಯ್ತಿದ್ದೀಯೋ, ಪೆದ್ದೇ?"

ತಾವು ಯಂತ್ರವಾದ್ದರಿಂದ ನಾಚಿಕೆಯಿಂದ ಕಿವಿ ಬಿಸಿಯಾಗುವುದು ಎಂದರೇನೆಂದು ತಮಗೆ ವಿವರಿಸಲಾರೆ. ಓದಿದ್ದೇನೆ ಎಂದು ಗುರುತು ಹಾಕಿ ಓದದೆ ಬಿಟ್ಟಿದ್ದ ಪರವಾನಗಿ ಪತ್ರವನ್ನು ದೊಡ್ಡಮ್ಮ ಎದುರು ಕೂತು ಓದಿಸಿದರು. ಯಾರು ಬೇಕಾದರೂ ಈ ಫಾಂಟನ್ನು ತಿದ್ದಿಕೊಳ್ಳಬಹುದು, ಬಳಸಬಹುದು, ಹಂಚಬಹುದು, ತಿದ್ದಿದ್ದಕ್ಕೆ ಬೇರೆ ಹೆಸರಿಟ್ಟರಾಯಿತು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ತಿದ್ದಿದ್ದಕ್ಕೆ 'ದೊಡ್ಡಮ್ಮ' ಎಂದು ಹೆಸರಿಟ್ಟು ಆ ವಾರವೇ ಪುಸ್ತಕವನ್ನು ಅಚ್ಚಿಗೆ ಕೊಟ್ಟೆ. ಅವರು ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಹಗಲು ಬೆಳಕಿರುವಷ್ಟು ಹೊತ್ತು ಓದಿದರು. ಒಂಬತ್ತು ದಿನ ಹಿಡಿಯಿತು. ಊಟಕ್ಕೆ ಕರೆದರೆ ಸುಮ್ಮನಿರು ಎಂದು ಕೈ ಮಾಡುತ್ತಿದ್ದರು. ಕೊನೆಯ ಪುಟ ಮುಚ್ಚಿ, ಕನ್ನಡಕ ತೆಗೆದು ಒರೆಸಿ, ಮೂವತ್ತೊಂಬತ್ತನೆಯ ಪುಟದಲ್ಲಿ ನಾನು ಒಂದು ಇಡೀ ಸಾಲನ್ನು ನುಂಗಿದ್ದೇನೆ ಎಂದರು. ಆ ತಪ್ಪಿಗೆ ತಮ್ಮನ್ನು ದೂರಲು ಎಷ್ಟು ಯೋಚಿಸಿದರೂ ದಾರಿ ಸಿಗಲಿಲ್ಲ.

ಆದ್ದರಿಂದ ನಾಲ್ಕನೆಯ ನೋಟೀಸಿಗೆ ನನ್ನ ವಿನಮ್ರ ಉತ್ತರ: ನಮ್ಮ ಮನೆಯ ತೊಂದರೆ ತೀರಿತು, ಆದರೂ ದೂರನ್ನು ಮುಚ್ಚಬೇಡಿ. ಆ ಕಲೆಗಳನ್ನು ಅಕ್ಷರವೆಂದು ನಂಬಿ ಕಣ್ಣು ಕಿರಿದಾಗಿಸಿ ನೋಡುತ್ತಿರುವ ದೊಡ್ಡಮ್ಮಂದಿರು ಬೇರೆ ಮನೆಗಳಲ್ಲಿ ಎಷ್ಟು ಜನರಿದ್ದಾರೋ, ಅವರ ಮನೆಯಲ್ಲೆಲ್ಲ ನನ್ನಂಥ ಪೆದ್ದನೊಬ್ಬ ಇರಬೇಕೆಂದೇನೂ ಇಲ್ಲ.

ತಮ್ಮ ವಿಶ್ವಾಸಿ,
ತಮ್ಮ ಪ್ರಕಾರ ಏನನ್ನೂ ಸರಿಪಡಿಸದವನು

ತಾ.ಕ.: 'ದೊಡ್ಡಮ್ಮ' ಫಾಂಟನ್ನು ನಾಲ್ಕು ಜನ ಬಳಸಲೆಂದು ನಾನೂ ಬಹಿರಂಗವಾಗಿ ಇಟ್ಟಿದ್ದೇನೆ. ಒಂದೇ ತಿಂಗಳಲ್ಲಿ ಹದಿನೇಳು ದೂರುಗಳು ಬಂದಿವೆ, ಒಬ್ಬರಂತೂ ತಾವೇ ತಿದ್ದಿ ಕಳಿಸಿದ್ದಾರೆ. ಒಂದನ್ನೂ ತೆರೆದು ನೋಡಲು ನನಗೆ ಪುರುಸೊತ್ತಾಗಿಲ್ಲ. ತಮ್ಮ ಬಂಧುವರ್ಗದಲ್ಲಿ ಕೆಲಸವಿಲ್ಲದ ಯಂತ್ರವೊಂದಿದ್ದರೆ ದಯವಿಟ್ಟು ಕಳಿಸಿಕೊಡಿ. ತೊಂಬತ್ತು ದಿನ ತೀರಾ ಹೆಚ್ಚಾಯಿತು, ಮೂವತ್ತಕ್ಕೇ ಮುಚ್ಚುವಂಥದ್ದಾದರೆ ಒಳ್ಳೆಯದು.