ಮೂರು ಮಿಲಿಮೀಟರ್ ನೀರು

ಗುಲಾಬಿ ಚಿಕ್ಕಮ್ಮ ಊರಿಗೆ ಹೊರಡುವ ದಿನವೇ ಅಬುಧಾಬಿಯಲ್ಲಿ ಮಳೆ ಬರಬೇಕೆ?

ಮೋಹನದಾಸನ ಹೆಂಡತಿ ರಾಜೀವಿಯ ಈ ಚಿಕ್ಕಮ್ಮ ಉಡುಪಿಯಿಂದ ‘ಎರಡು ವಾರಕ್ಕೆ’ ಬಂದವರು. ಒಂದೇ ಬೆಡ್‌ರೂಮಿನ ಫ್ಲಾಟಿನಲ್ಲಿ, ಅವನ ಮಂಚದ ಮೇಲೆ, ಗುಡ್ಡದ ಬಂಡೆಯಂತೆ ನೆಲೆಗೊಂಡು ತಿಂಗಳು ದಾಟಿತ್ತು. ಮನೆಯ ಯಜಮಾನ ಹಾಲ್‌ನ ಸೋಫಾದಲ್ಲಿ ಮಡಚಿದ ಕೊಡೆಯಂತೆ ಮಲಗುತ್ತಿದ್ದ. ಮಧ್ಯಾಹ್ನ ಮಂಗಳೂರಿನ ವಿಮಾನ ಬಂದಿಳಿದು, ಅವರನ್ನು ಹತ್ತಿಸಿಕೊಂಡು ಹಾರಿದರೆ ಅವನಿಗೆ ಮಂಚ ಪ್ರಾಪ್ತಿ.

ಇಳಿಯಬೇಕಲ್ಲ! ರನ್‌ವೇಯ ಉದ್ದಕ್ಕೂ ಜೀಪಿನಲ್ಲಿ ಹೋಗಿ, ನೆಲ ಒಣಗಿದೆಯೋ, ಒದ್ದೆಯೋ, ನೀರು ನಿಂತಿದೆಯೋ ನೋಡಿ ವಿಮಾನ ನಿಲ್ದಾಣದ ಟವರಿಗೆ ಹೇಳುವುದು ಮೋಹನದಾಸನದೇ ಕೆಲಸ. ಟವರಿನವರು ಪೈಲಟ್‌ಗೆ ಹೇಳುತ್ತಾರೆ. ಮೂರು ಮಿಲಿಮೀಟರ್ ದಾಟಿದರೆ ಅದು ‘ನಿಂತ ನೀರು’. ಉಡುಪಿಯಲ್ಲಿ ಅಷ್ಟು ನೀರಿಗೆ ಅಂಗಳ ತೊಳೆದದ್ದು ಎನ್ನುತ್ತಾರೆ.

ಬಗ್ಗಿ ಅಳತೆಪಟ್ಟಿ ಇಟ್ಟ. ನಾಲ್ಕು.

“ಸ್ವಲ್ಪ ಓರೆ ಹಿಡಿದು ನೋಡಿ ಸರ್,” ಎಂದ ಜೀಪು ಓಡಿಸುವ ಡ್ಯಾನಿಯಲ್, ಮನೆಕತೆಯೆಲ್ಲ ಬಲ್ಲವನು.

“ಹಿಡಿದಾಯ್ತು ಮಾರಾಯ. ಐದು ತೋರಿಸ್ತದೆ.”

ಜೀಪು ರನ್‌ವೇಯಿಂದ ಹೊರಬರುತ್ತಲೇ ಪಕ್ಕದ ಮನೆಯ ಸಿಸಿಲಿಯಾಳ ಫೋನು. “ಮೋಹಣ್ಣ, ಚಿಕ್ಕಮ್ಮನ ಹತ್ರ ನಮ್ಮಮ್ಮನಿಗೆ ಖರ್ಜೂರ ಕೊಟ್ಟಿದ್ದೇನೆ. ಒಣಗಿದೆ ಅಂತ ಹೇಳಿಬಿಡಿ, ಪುಣ್ಯ ಬರ್ತದೆ!”

“ಪುಣ್ಯ ಬರ್ತದೆ ಸಿಸಿಲಿಯಾ ಬಾಯಿ, ವಿಮಾನ ಜಾರ್ತದೆ.”

ಟವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ವಿಮಾನ ಮೀನು ಕಂಡ ಗಿಡುಗದಂತೆ ಮೋಡದ ಮೇಲೆ ಗಿರಕಿ ಹೊಡೆಯತೊಡಗಿತು. ಅಷ್ಟರಲ್ಲಿ ಚಿಕ್ಕಮ್ಮನ ಜೊತೆ ಹೊರಟಿದ್ದ ರಾಜೀವಿಯ ಫೋನು: “ಟ್ಯಾಕ್ಸಿ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಿದೆ ಮಾರಾಯ್ರೆ. ಫ್ಲೈಟ್ ಇಳೀತದಾ?”

“ರನ್‌ವೇಯಲ್ಲಿ ನೀರು ನಿಂತಿದೆ. ಈಗ ಇಳಿಸಿದ್ರೆ ಅಪಾಯ,” ಎಂದ, ತನ್ನ ಶಿಕ್ಷೆಯನ್ನು ತಾನೇ ಓದಿದವನಂತೆ.

ಆದರೆ ಮಳೆ ನಿಂತಿತು. ನೀರು ಹೀರುವ ಲಾರಿಗಳು ಓಡಾಡಿದವು. ಅಳೆದ: ಎರಡು! ಖುಷಿಗೆಂದು ಇನ್ನೊಮ್ಮೆ ಅಳೆದ. “ಬರೇ ಒದ್ದೆ!” ಎಂದು ಅವನು ಕೂಗಿದ ರೀತಿಗೆ ಟವರಿನವಳು, “ಲಾಟರಿ ಹೊಡೆಯಿತೇ?” ಎಂದು ಕೇಳಿದಳು. ವಿಮಾನ ಇಳಿಯಿತು, ತುಂಬಿತು, ಹಾರಿತು. ಅದು ಇರುವೆಯಷ್ಟಾಗುವವರೆಗೂ ಮೋಹನದಾಸ ಎರಡೂ ಕೈ ಬೀಸಿದ.

ಸಂಜೆ ಹಲ್ವದ ಡಬ್ಬ ಹಿಡಿದು ಮನೆಗೆ ಬಂದರೆ, ಮಂಚದ ಮೇಲೆ ಕಾಲು ಮಡಚಿ ಕೂತಿದ್ದಾರೆ ಗುಲಾಬಿ ಚಿಕ್ಕಮ್ಮ!

“ಬಾ ಮೋಹನ! ನನ್ನ ಜೀವ ಉಳಿಸಿದೆ ನೀನು. ಅಪಾಯ ಅಂತ ನೀನು ಹೇಳಿದ್ದು ಫೋನಿನ ಸ್ಪೀಕರಲ್ಲಿ ಕೇಳಿದ್ದೇ ತಡ, ‘ಖಲಾಸ್, ಟ್ಯಾಕ್ಸಿ ತಿರುಗಿಸು’ ಅಂದೆ.”

“ಆಮೇಲೆ ಸರಿಯಾಯ್ತಲ್ಲ ಚಿಕ್ಕಮ್ಮ! ಫ್ಲೈಟ್ ಹೋಯ್ತಲ್ಲ!”

“ಹೌದಾ? ನೀನು ಹೇಳಲೇ ಇಲ್ಲ.”

ಟವರಿಗೆ ಹೇಳಿದ್ದ, ಡ್ಯಾನಿಯಲ್‌ಗೆ ಹೇಳಿದ್ದ, ಹಲ್ವದಂಗಡಿಯವನಿಗೂ ಹೇಳಿದ್ದ. ಹೆಂಡತಿಗೆ ಹೇಳಿರಲಿಲ್ಲ.

“ಇರಲಿ ಬಿಡು. ರಾಜೀವಿ ವೀಸಾ ಮುಂದುವರಿಸ್ತಾಳಂತೆ,” ಎನ್ನುತ್ತ ಚಿಕ್ಕಮ್ಮ ಕೈ ಚಾಚಿದರು. “ಡಬ್ಬದಲ್ಲಿ ಎಂತ, ಹಲ್ವವಾ? ನಾನು ಉಳಿದದ್ದಕ್ಕೆ ಇಷ್ಟು ಖುಷಿಯಾ ಮಗ ನಿನಗೆ!”